ಊರಿಗೆ ಹೋದಾಗ ನಾಯಿ ನೋಡ್ಕೊಳ್ಳೋರು ಯಾರು? ನಮ್ಮ ಬಡಾವಣೆಯ ಅಡಾಪ್ಷನ್ ಡೈರಿ

ಜುಲೈ 2025

ಮೈಸೂರಿನ ಹೊರವಲಯದ ಒಂದು ಶೆಲ್ಟರ್‌ನ ನಾಯಿ, ಬೆಕ್ಕುಗಳಿಗೆ ಮನೆ ಹುಡುಕುವ ಕೆಲಸಕ್ಕೆ ನಾವು ಕೆಲವರು ಸೇರಿಕೊಂಡಿದ್ದೇವೆ. ಶೆಲ್ಟರ್ ನಮ್ಮದಲ್ಲ. ಗಾಯ ತೊಳೆಯುವವರು, ಮಾತ್ರೆ ನುಂಗಿಸುವವರು ಅಲ್ಲಿ ಬೇರೆ ಇದ್ದಾರೆ. ನಮ್ಮದು ಗೇಟಿನ ಆಚೆ ಕೆಲಸ. ಫೋಟೊ ತೆಗೆಯೋದು, ಫೋನ್ ಎತ್ತೋದು, ಮನೆ ನೋಡಿ ಬರೋದು. ಕುವೆಂಪುನಗರ, ಸರಸ್ವತಿಪುರಂ ಕಡೆಯವರೇ ಜಾಸ್ತಿ.

ಫೋನ್‌ಗೇನೂ ಬರ ಇಲ್ಲ. ಮೊದಲ ಪ್ರಶ್ನೆ "ಲ್ಯಾಬ್ರಡಾರ್ ಇದ್ಯಾ?" ಇಲ್ಲ, ನಾಟಿ ನಾಯಿ ಅಂದರೆ ಕೆಲವರು ಅಲ್ಲಿಗೇ ಇಟ್ಟುಬಿಡುತ್ತಾರೆ. ಉಳಿದವರು ವಯಸ್ಸು ಕೇಳುತ್ತಾರೆ, ಕಚ್ಚುತ್ತಾ ಅಂತ ಕೇಳುತ್ತಾರೆ, ಫೋಟೊ ನೋಡಿ ಒಪ್ಪುತ್ತಾರೆ. ಅಷ್ಟರಲ್ಲಿ ಹಿಂದಿನಿಂದ ಅಮ್ಮನದೋ ಅತ್ತೆಯದೋ ದನಿ ಬರುತ್ತದೆ: "ಊರಿಗೆ ಹೋದಾಗ ಯಾರು ನೋಡ್ಕೊಳ್ತಾರೆ, ಅದನ್ನ ಕೇಳು." ಮಾತು ಅಲ್ಲಿಗೆ ಮುಗಿಯಿತು.

ಅವರು ಕೇಳೋದು ತಪ್ಪಲ್ಲ. ಯುಗಾದಿ, ಗೌರಿ ಹಬ್ಬ, ಪಕ್ಷ, ಊರಹಬ್ಬ, ಮದುವೆ, ನಾಮಕರಣ. ವರ್ಷದಲ್ಲಿ ಎಷ್ಟು ಸಲ ಮನೆಗೆ ಬೀಗ ಹಾಕ್ತೀವಿ ನೋಡಿ. ಸಾವಂತೂ ಹೇಳಿ ಕೇಳಿ ಬರುವುದಿಲ್ಲ. ಫೋನ್ ಬಂದ ಅರ್ಧ ಗಂಟೆಗೆ ಹಾಸನದ ಬಸ್ಸು ಹತ್ತಿರಬೇಕು. ನಾಯಿಗಳ ಬೋರ್ಡಿಂಗ್‌ನಲ್ಲಿ ಬಿಡೋಣ ಅಂದರೆ ದಿನದ ಲೆಕ್ಕದಲ್ಲಿ ದುಡ್ಡು, ಅದೂ ಹಬ್ಬದ ವಾರ ಜಾಗ ಸಿಗಲ್ಲ.

ಹಾಗಾಗಿ ಈ ಸಲ ಪೋಸ್ಟರ್ ಕೆಲಸ ಸ್ವಲ್ಪ ಬದಿಗಿಟ್ಟು ಬೇರೆ ಒಂದಕ್ಕೆ ಕೈ ಹಾಕಿದ್ದೇವೆ. ಮೆಡಿಕಲ್ ಶಾಪಿನ ಕೌಂಟರ್ ಮೇಲೆ ಒಂದು ಉದ್ದದ ನೋಟ್‌ಬುಕ್. ಬಡಾವಣೆಯಲ್ಲಿ ನಾಯಿ ನೋಡಿಕೊಳ್ಳಲು ಸಿದ್ಧರಿರುವವರು ಅದರಲ್ಲಿ ಹೆಸರು, ಕ್ರಾಸ್, ತಮ್ಮಿಂದ ಏನು ಆಗುತ್ತದೆ ಅಂತ ಬರೆಯಬೇಕು. "ಒಂದು ವಾರ ಮನೆಯಲ್ಲಿ ಇಟ್ಕೊಳ್ತೀನಿ", "ಅವರ ಮನೆಗೇ ಹೋಗಿ ಎರಡು ಹೊತ್ತು ಊಟ ಹಾಕ್ತೀನಿ", "ಬೆಳಿಗ್ಗೆ ವಾಕಿಂಗ್ ಮಾತ್ರ", "ರಾತ್ರಿ ಹೊತ್ತು ಡಾಕ್ಟ್ರ ಹತ್ರ ಹೋಗಬೇಕಾದ್ರೆ ಆಟೋ ತರ್ತೀನಿ". ಕೊನೆಯದು ಮೂಲೆ ಸ್ಟ್ಯಾಂಡಿನ ಆಟೋದವರೊಬ್ಬರದು. ನಾವು ಕೇಳಿರಲೂ ಇಲ್ಲ.

ಜಾಸ್ತಿ ಬರೆದವರು ಎರಡು ಗುಂಪು. ರಿಟೈರ್ ಆದವರು ಮತ್ತು ಪಿಜಿಯಲ್ಲಿರುವ ಕಾಲೇಜು ಹುಡುಗ ಹುಡುಗಿಯರು. ಪಿಜಿಯವರಿಗೆ ನಾಯಿ ಸಾಕುವ ಆಸೆ, ಜಾಗ ಇಲ್ಲ. ರಿಟೈರ್ ಆದವರಿಗೆ ಜಾಗ ಇದೆ, ಹದಿನೈದು ವರ್ಷದ ಹೊಣೆ ಬೇಡ. ಇಬ್ಬರೂ ಅಡಾಪ್ಷನ್ ಫಾರಂ ಮುಟ್ಟುವವರಲ್ಲ. ಇಂಥವರನ್ನು ಇಷ್ಟು ದಿನ ಯಾರೂ ಮಾತಾಡಿಸಿರಲಿಲ್ಲ.

ಆಗಸ್ಟ್

ತಿಂಗಳಿಡೀ ಸುಪ್ರೀಂ ಕೋರ್ಟಿನದೇ ಮಾತು. 11ರಂದು ದೆಹಲಿ ಮತ್ತು ಸುತ್ತಮುತ್ತಲ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ, ವಾಪಸ್ ಬಿಡಬೇಡಿ ಅಂತ ಆದೇಶ ಬಂತು. ಇಲ್ಲಿ ನಮ್ಮ ರಸ್ತೆಯಲ್ಲೂ ಒಬ್ಬರು "ಇನ್ನು ನಿಮ್ಮ ನಾಯಿ ಕಥೆ ಮುಗೀತು" ಅಂದು ಹೋದರು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಮರಿ ಆಗದಂತೆ ಆಪರೇಷನ್ ಮಾಡಿ, ಚುಚ್ಚುಮದ್ದು ಹಾಕಿ, ಹಿಡಿದ ಜಾಗಕ್ಕೇ ಬಿಡಿ. ರೇಬೀಸ್ ಇರುವವನ್ನು, ಮೈಮೇಲೆ ಬೀಳುವವನ್ನು ಮಾತ್ರ ಬಿಡಬೇಡಿ. ಪ್ರಕರಣವನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು.

ಅದೇ ಆದೇಶದಲ್ಲಿ ನಮಗೆ ಬೇಕಾದ ಮಾತೂ ಒಂದಿತ್ತು. ಇಷ್ಟ ಇರುವವರು ಪಾಲಿಕೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ತಗೋಬಹುದು, ಆದರೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದು. ಇದನ್ನು ಪ್ರಿಂಟ್ ತೆಗೆಸಿ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದೇವೆ. ವರ್ಷಗಟ್ಟಲೆ ಗೇಟಿನ ಹೊರಗೆ ಅನ್ನ ಹಾಕಿಕೊಂಡು ಬಂದ ಎರಡು ಮನೆಯವರು ಇದನ್ನು ಓದಿಯೇ ಗೇಟು ತೆಗೆದು ನಾಯಿಯನ್ನು ಒಳಗೆ ಕರೆದುಕೊಂಡರು. ಹೆದರಿ ಕರೆದುಕೊಂಡರು ಅನ್ನಿ. ಹೆದರಿಕೆಯಿಂದಾದರೂ ಪರವಾಗಿಲ್ಲ, ನಾಯಿ ಈಗ ಸೋಫಾ ಮೇಲೆ ಮಲಗುತ್ತದೆ.

ಸೆಪ್ಟೆಂಬರ್

ಕರಿಯನಿಗೆ ಮನೆ ಸಿಕ್ಕಿದ್ದನ್ನು ಸ್ವಲ್ಪ ವಿವರವಾಗಿ ಬರೆಯಬೇಕು.

ಕರಿಯ ದೊಡ್ಡ ಗಂಡುನಾಯಿ, ಪೂರ್ತಿ ಕಪ್ಪು. ಎಡಗಿವಿಯ ತುದಿಯಲ್ಲಿ ಕಚ್ಚು. ಬಂದವರೆಲ್ಲ "ಪಾಪ, ಕಿವಿ ಯಾರು ಕಡಿದ್ರು?" ಅಂತ ಕೇಳುತ್ತಾರೆ. ಅದು ಆಪರೇಷನ್ ಆಗಿದೆ ಅನ್ನೋದಕ್ಕೆ ಗುರುತು. ಮತ್ತೊಂದು ಸಲ ಹಿಡಿದು ಆಪರೇಷನ್‌ಗೆ ಮಲಗಿಸದಿರಲಿ ಅಂತ ಅರಿವಳಿಕೆಯಲ್ಲಿ ಇರುವಾಗಲೇ ಮಾಡಿರುತ್ತಾರೆ. ಕಿವಿಯಲ್ಲಿ ಕಚ್ಚು ಇದ್ದರೆ ಅದು ಒಳ್ಳೆಯ ಸುದ್ದಿ, ಇಷ್ಟೇ ಹೇಳಿ ಹೇಳಿ ಬಾಯಿ ನೋಯುತ್ತದೆ.

ಕಪ್ಪು ಬಣ್ಣದ ತಕರಾರು ಅದಕ್ಕಿಂತ ದೊಡ್ಡದು. ಶನಿವಾರ ಕರಿನಾಯಿಗೆ ಚಪಾತಿ ಹಾಕಬೇಕು ಅಂತ ಹುಡುಕಿಕೊಂಡು ಬರುವವರು ನಮ್ಮಲ್ಲಿ ಇದ್ದಾರೆ. ಮನೆಗೇ ಕರ್ಕೊಂಡು ಹೋಗಿ, ದಿನಾ ಹಾಕಿ ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ.

ಕೊನೆಗೆ ಅವನನ್ನು ಕರೆದುಕೊಂಡು ಹೋದದ್ದು ನಾಗಮಂಗಲ ಕಡೆಯ ಒಂದು ಕುಟುಂಬ. ಮೊಮ್ಮಗ ಒಂದು ಕಂದು ಬಣ್ಣದ ಮರಿ ನೋಡಲು ಅಜ್ಜಿಯನ್ನು ಕರೆತಂದಿದ್ದ. ಅಜ್ಜಿ ಬೇಲಿಯ ಹತ್ತಿರ ನಿಂತಿದ್ದ ಕರಿಯನನ್ನು ನೋಡಿ, ತಲೆ ಮೇಲೆ ಸೆರಗು ಎಳೆದುಕೊಂಡು, "ಇದು ನಮ್ಮಪ್ಪನ ವಾಹನ ಕಣೋ, ಇದನ್ನ ಬಿಟ್ಟು ಬೇರೆ ಏನ್ ನೋಡ್ತಿಯಾ" ಅಂದರು. ಅವರ ಮನೆದೇವರು ಆದಿಚುಂಚನಗಿರಿ ಕಾಲಭೈರವೇಶ್ವರ. ನಾವು ಬರೆದ ಎಷ್ಟೋ ಪೋಸ್ಟರುಗಳಿಂದ ಆಗದ ಕೆಲಸ ಭೈರವ ಒಂದೇ ನಿಮಿಷದಲ್ಲಿ ಮಾಡಿದ. ಮನೆ ನೋಡಲು ಹೋದಾಗ ಅಜ್ಜಿಗೆ ಸಿಟ್ಟು ಬಂತು. "ದೇವರ ನಾಯೀನ ನಾವು ಸರಿಯಾಗಿ ನೋಡ್ಕೊಳ್ತೀವೋ ಇಲ್ವೋ ಅಂತ ನೀವು ಬಂದು ನೋಡ್ಬೇಕಾ?" ಬಯ್ಯುತ್ತಲೇ ಕಾಫಿ ಕೊಟ್ಟರು.

ಮನೆ ನೋಡುವ ವಿಚಾರ ಬಂದಿದ್ದರಿಂದ ಇನ್ನೊಂದು ಮಾತು. ಮಹಡಿ ಮನೆಯಲ್ಲಿ ಪ್ಯಾರಪೆಟ್ ಎತ್ತರ ನೋಡುತ್ತೇವೆ, ಗೇಟಿನ ಕಂಬಿಗಳ ಸಂದು ನೋಡುತ್ತೇವೆ, ರಾತ್ರಿ ಎಲ್ಲಿ ಮಲಗಿಸ್ತೀರಿ ಅಂತ ಕೇಳುತ್ತೇವೆ. "ಟೆರೇಸ್ ಮೇಲೆ ಕಟ್ಟಿ ಹಾಕ್ತೀವಿ" ಅಂದರೆ ಇಲ್ಲ. ತೋಟದ ಕಾವಲಿಗೆ ಕೇಳುವವರಿಗೂ ಸಾಮಾನ್ಯವಾಗಿ ಇಲ್ಲ. ತಿ. ನರಸೀಪುರ, ನಂಜನಗೂಡು ಕಡೆ ಚಿರತೆ ಓಡಾಡುತ್ತದೆ, ಚಿರತೆಗೆ ನಾಯಿ ಅಂದರೆ ಸುಲಭದ ಊಟ. ಸರಪಳಿಯಲ್ಲಿ ಕಟ್ಟಿದ ನಾಯಿ ಓಡಿಹೋಗಲೂ ಆಗಲ್ಲ. ರಾತ್ರಿ ಒಳಗೆ ಕೂಡುವ ಗಟ್ಟಿ ಕೋಣೆ ತೋರಿಸಿದರೆ ಮಾತ್ರ ಮಾತು ಮುಂದುವರಿಯುತ್ತದೆ. ಒಬ್ಬರು ತೋರಿಸಿದರು, ಒಂದು ಹೆಣ್ಣುನಾಯಿ ಅವರ ಮನೆ ಸೇರಿತು.

ಅಕ್ಟೋಬರ್

ನೋಟ್‌ಬುಕ್ಕಿಗೆ ನಿಜವಾದ ಪರೀಕ್ಷೆ ದಸರಾ ರಜೆಯಲ್ಲಿ. ಹೊರಗಿನವರು ದಸರಾ ನೋಡಲು ಮೈಸೂರಿಗೆ ಬರುತ್ತಾರೆ, ಮೈಸೂರಿನವರು ಟ್ರಾಫಿಕ್ಕಿಗೆ ಹೆದರಿ ಊರಿಗೆ ಹೋಗುತ್ತಾರೆ. ಈ ಸಲ ವಿಜಯದಶಮಿ ಅಕ್ಟೋಬರ್ 2ಕ್ಕೆ ಮುಗಿಯಿತು. ಆಮೇಲೆ ಜಾತಿ ಸಮೀಕ್ಷೆ ಮುಗಿದಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು 18ರವರೆಗೆ ಎಳೆದರು. ಮಕ್ಕಳಿರುವ ಮನೆಗಳು ಊರಲ್ಲೇ ಉಳಿದವು. ಇಲ್ಲಿ ನೋಟ್‌ಬುಕ್ಕಿನಲ್ಲಿದ್ದ ಇಬ್ಬರು ಮೇಷ್ಟ್ರುಗಳು ಸಮೀಕ್ಷೆಯ ಡ್ಯೂಟಿಗೆ ಹೋದರು. ವಾಕಿಂಗ್ ಪಾಳಿ ಪೂರ್ತಿ ಏರುಪೇರು. ಪಿಜಿ ಹುಡುಗಿಯರು ತಮ್ಮ ಇಂಟರ್ನಲ್ಸ್ ನಡುವೆ ಹಂಚಿಕೊಂಡು ನಿಭಾಯಿಸಿದರು. ಒಂದು ನಾಯಿಯೂ ಬೋರ್ಡಿಂಗಿಗೆ ಹೋಗಲಿಲ್ಲ.

ಸರಸ್ವತಿಪುರಂನಲ್ಲಿ ಒಂದು ಚೆಂದದ ಏರ್ಪಾಟು ತಾನಾಗಿಯೇ ಆಗಿದೆ. ಕೆಂಚಿ ಅನ್ನೋ ಹೆಣ್ಣುನಾಯಿಯನ್ನು ದತ್ತು ತಗೊಂಡ ಮನೆಯವರು ಪೂರ್ತಿ ಸಸ್ಯಾಹಾರಿಗಳು. ಅಡುಗೆಮನೆಗೆ ಮೊಟ್ಟೆ ತರುವ ಹಾಗಿಲ್ಲ. ಕೆಂಚಿಗೋ ಉಣ್ಣೆ ಕಚ್ಚಿ ಬರುವ ಜ್ವರ ಆಗಿ ಮೈಯಲ್ಲಿ ರಕ್ತ ಕಡಿಮೆಯಾಗಿತ್ತು, ಒಳ್ಳೆ ಊಟ ಹಾಕಿ ಅಂತ ಡಾಕ್ಟ್ರು ಹೇಳಿದ್ದರು. ಪಕ್ಕದ ಮನೆಯ ಆಂಟಿ ದಿನಾ ಸಂಜೆ ತಮ್ಮ ಮನೆಯಲ್ಲೇ ಮೊಟ್ಟೆ ಬೇಯಿಸಿ, ಸಿಪ್ಪೆ ತೆಗೆದು, ಕಾಂಪೌಂಡ್ ಗೋಡೆ ಮೇಲೆ ಸ್ಟೀಲ್ ಬಟ್ಟಲಲ್ಲಿ ಇಟ್ಟು "ಕೆಂಚೀ" ಅಂತ ಕೂಗುತ್ತಾರೆ. ಕೆಂಚಿ ಗೋಡೆಗೆ ಮುಂಗಾಲು ಕೊಟ್ಟು ನಿಂತಲ್ಲೇ ತಿನ್ನುತ್ತಾಳೆ. ಬಟ್ಟಲು ವಾಪಸ್ ಆಂಟಿ ಮನೆಗೆ. ಒಳಗೆ ಮಡಿಯೂ ಉಳಿಯಿತು, ಹೊರಗೆ ಕೆಂಚಿಯ ಮೈಯೂ ತುಂಬಿಕೊಂಡಿತು. ಈ ಆಂಟಿ ನೋಟ್‌ಬುಕ್ಕಿನಲ್ಲಿ ಬರೆದಿದ್ದು "ಬೇಕಾದಾಗ ಕೇಳಿ" ಅಂತ ಎರಡೇ ಪದ.

ಬೆಕ್ಕಿನ ವಿಷಯದಲ್ಲಿ ಮಾತ್ರ ಈ ಹೊಂದಾಣಿಕೆ ನಡೆಯಲ್ಲ. ನಾಯಿ ಮೊಸರನ್ನ, ಮೊಟ್ಟೆ ತಿಂದುಕೊಂಡು ಇರಬಲ್ಲದು. ಬೆಕ್ಕಿಗೆ ಬೇಕಾದ ಟಾರಿನ್ ಅನ್ನೋ ಪೋಷಕಾಂಶ ಹೆಚ್ಚಾಗಿ ಮಾಂಸ, ಮೀನಿನಲ್ಲೇ ಇರೋದು, ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಬರೀ ಹಾಲು ಅನ್ನ ಹಾಕ್ತೀವಿ ಅನ್ನುವ ಮನೆಗೆ ಬೆಕ್ಕಿನ ಮರಿ ಕೊಡುವುದಿಲ್ಲ ಅಂತ ಸುಮ್ನೆ ಹಟಕ್ಕೆ ಹೇಳೋದಲ್ಲ.

ದೀಪಾವಳಿ ವಾರ ಯಾವ ನಾಯಿಯನ್ನೂ ಕಳಿಸಲಿಲ್ಲ. ಹೊಸ ಮನೆ, ಹೊಸ ಜನ, ಮೇಲೆ ಪಟಾಕಿ. ಗೇಟು ಹಾರಿ ಓಡಿದರೆ ಅದಕ್ಕೆ ವಾಪಸ್ ಬರುವ ದಾರಿಯೂ ಗೊತ್ತಿರಲ್ಲ.

ನವೆಂಬರ್

7ರಂದು ಸುಪ್ರೀಂ ಕೋರ್ಟಿನಿಂದ ಇನ್ನೊಂದು ಆದೇಶ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ನಾಯಿಗಳನ್ನು ತೆಗೆದು, ಆಪರೇಷನ್ ಮತ್ತು ಚುಚ್ಚುಮದ್ದಿನ ನಂತರ ಶೆಲ್ಟರ್‌ಗೆ ಸೇರಿಸಬೇಕು, ಅದೇ ಜಾಗಕ್ಕೆ ಬಿಡುವಂತಿಲ್ಲ. ಆಸ್ಪತ್ರೆ ವಾರ್ಡಿನ ಮುಂದೆ ನಾಯಿ ಇರಬಾರದು ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಇರುವ ಶೆಲ್ಟರ್‌ಗಳಲ್ಲಿ ಜಾಗ ಎಲ್ಲಿದೆ? ಶೆಲ್ಟರ್ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ. "ನಮ್ಮ ಕಾಂಪೌಂಡಿನವನ್ನ ಇವತ್ತೇ ಕರ್ಕೊಂಡು ಹೋಗಿ."

ಇದು ಕಾರ್ತಿಕ ಬೇರೆ, ನಾಯಿಗಳು ಬೆದೆಗೆ ಬರುವ ಕಾಲ. ನಾಯಿ ಬಸಿರು 63 ದಿನದ ಆಸುಪಾಸು. ಈಗ ಬೀದಿಯಲ್ಲಿ ಕಾಣುವ ಗಲಾಟೆಯ ಫಲ ಜನವರಿಯಿಂದ ರಟ್ಟಿನ ಡಬ್ಬಗಳಲ್ಲಿ ಶೆಲ್ಟರ್ ಗೇಟಿಗೆ ಬಂದು ಕೂರುತ್ತದೆ. ದೊಡ್ಡ ನಾಯಿಗಳು ಅಷ್ಟರೊಳಗೆ ಜಾಗ ಖಾಲಿ ಮಾಡಬೇಕು. ನೋಟ್‌ಬುಕ್ಕಿನ "ಒಂದು ವಾರ ಇಟ್ಕೊಳ್ತೀನಿ" ಮಂದಿಗೆಲ್ಲ ಫೋನ್ ಮಾಡಿ "ಒಂದು ತಿಂಗಳು ಆಗುತ್ತಾ?" ಅಂತ ಕೇಳಿದ್ದೇ ಕೆಲಸ. ಅರ್ಧಕ್ಕಿಂತ ಹೆಚ್ಚು ಜನ ಹೂಂ ಅಂದರು. ಹಾಗೆ ಇಟ್ಟುಕೊಂಡ ಒಬ್ಬ ರಿಟೈರ್ಡ್ ಅಂಕಲ್ ತಿಂಗಳು ಮುಗಿಯುವ ಮೊದಲೇ ಫಾರಂ ಕೇಳಿದರು. ಹದಿನೈದು ವರ್ಷದ ಹೊಣೆ ಬೇಡ ಅಂದವರಲ್ಲಿ ಅವರೇ ಮೊದಲಿಗರು. ನಾಯಿಗೆ ಒಂಬತ್ತು ವರ್ಷ ಆಗಿತ್ತು. "ನಮ್ಮಿಬ್ಬರಿಗೂ ಲೆಕ್ಕ ಸರಿಹೋಯ್ತು ಬಿಡಿ" ಅಂತ ನಕ್ಕರು.

ಜನವರಿ 2026

ಮರಿಗಳು ಬಂದಿವೆ, ಮರಿಗಳಿಗೆ ಅಂಟುವ ಪಾರ್ವೊ ರೋಗ ಕೂಡ ಬಂದಿದೆ. ಎರಡು ಡಬ್ಬದ ಮರಿಗಳಲ್ಲಿ ಉಳಿದದ್ದು ಕಡಿಮೆ. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ.

ಮರಿ ಒಯ್ಯುವವರಿಗೆ ಹೇಳುವುದು ಮಾತ್ರ ಇಲ್ಲಿ ಬರೆದಿಡುತ್ತೇನೆ. ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೂ. ಹನ್ನೆರಡು ವಾರದ ಹೊತ್ತಿಗೆ ರೇಬೀಸ್‌ನದು. ಒಂದು ಹಾಕಿಸಿದ್ದೀವಿ, ಸಾಕು ಅಂತ ನಿಲ್ಲಿಸಬಾರದು. ಅಷ್ಟೂ ಮುಗಿಯುವ ತನಕ ಪಾರ್ಕಿನ ನೆಲಕ್ಕೆ ಬಿಡಬೇಡಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್ ಹಾಕಿ ಒರೆಸಿದೆವು ಅಂದುಕೊಂಡು ಸುಮ್ಮನಿರಬೇಡಿ, ಬ್ಲೀಚ್ ಬೇಕು. ಹಿಂದಿನ ಮರಿ ಪಾರ್ವೊದಲ್ಲಿ ಹೋದ ಮನೆಗೆ ಚುಚ್ಚುಮದ್ದು ಪೂರ್ತಿಯಾದ ದೊಡ್ಡ ನಾಯಿಯನ್ನೇ ಕೊಡುತ್ತೇವೆ.

ವಾಪಸ್ ಬಂದವೂ ಇವೆ. ಕಾರಣ ಹೆಚ್ಚಾಗಿ ಬಾಡಿಗೆ ಮನೆ. ಅಪಾರ್ಟ್‌ಮೆಂಟ್ ಸಂಘ ಬೇಡ ಅಂದರೆ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತೋರಿಸಬಹುದು, ಬಹುಮತ ಇದ್ದರೂ ಸಂಘ ಸಾಕುಪ್ರಾಣಿ ನಿಷೇಧಿಸುವ ಹಾಗಿಲ್ಲ ಅಂತ ಅದರಲ್ಲಿದೆ. ಮೇಲಿನ ಮಹಡಿಯಲ್ಲೇ ಇರುವ ಮನೆ ಓನರ್‌ಗೆ ಯಾವ ಮಾರ್ಗಸೂಚಿ ತೋರಿಸೋದು? ಅಗ್ರಿಮೆಂಟ್ ರಿನ್ಯೂ ಮಾಡಲ್ಲ ಅಂದರೆ ಮುಗೀತು. ಈಗ ಫಾರಂ ತುಂಬುವ ಮೊದಲೇ ಓನರ್ ಜತೆ ಫೋನಿನಲ್ಲಿ ಮಾತಾಡುತ್ತೇವೆ.

ಊರಿಗೆ ಹೋಗುವ ಕಾರಣಕ್ಕೆ ಮಾತ್ರ ಇದುವರೆಗೆ ಯಾರೂ ವಾಪಸ್ ತಂದಿಲ್ಲ.

ಫೆಬ್ರವರಿ

ಏಪ್ರಿಲ್, ಮೇ ಬಂದರೆ ಬೇಸಿಗೆ ರಜೆ, ಮದುವೆ, ಜಾತ್ರೆ ಎಲ್ಲ ಒಟ್ಟಿಗೆ. ಈಗಿರುವ ಹೆಸರುಗಳು ಸಾಲಲ್ಲ. ವಿಜಯನಗರ ನಾಲ್ಕನೇ ಹಂತದ ಮನೆಗಳಿಗೆ ನಾಯಿಗಳು ಹೋಗಿವೆ, ನೋಡಿಕೊಳ್ಳುವವರ ಹೆಸರು ಒಂದೇ ಒಂದಿದೆ. ಅಲ್ಲಿಗೇ ಬೇರೆ ನೋಟ್‌ಬುಕ್ ಇಡಲು ಒಂದು ಹಾಲಿನ ಬೂತಿನವರು ಒಪ್ಪಿದ್ದಾರೆ. ಬರೆದವರಿಗೆ ಸಣ್ಣ ತರಬೇತಿಯೂ ಬೇಕು: ಅಡುಗೆ ಮಾಡಿದ ಕೋಳಿ ಮೂಳೆ ಹಾಕಬಾರದು, ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡ, ಟಾರು ರಸ್ತೆಗೆ ಮಧ್ಯಾಹ್ನ ವಾಕಿಂಗ್ ಬೇಡ, ಇಷ್ಟು.

ಶೆಲ್ಟರ್‌ನಲ್ಲಿ ಸದ್ಯ ತಲೆನೋವು ಅಂದರೆ ಗುಂಡ ಮತ್ತು ಚಿಕ್ಕಿ. ಒಟ್ಟಿಗೆ ಬಂದವು, ಒಂದನ್ನು ಡಾಕ್ಟ್ರ ಹತ್ರ ಕರೆದೊಯ್ದರೆ ಇನ್ನೊಂದು ಊಟ ಬಿಡುತ್ತದೆ. ಬೋಗಾದಿಯವರೊಬ್ಬರಿಗೆ ಚಿಕ್ಕಿ ಮಾತ್ರ ಬೇಕಂತೆ. ಎರಡೂ ಅಂದರೆ ಮಾತ್ರ ಅಂತ ಹೇಳಿದ್ದೇವೆ. ಭಾನುವಾರ ಹೆಂಡತಿಯನ್ನು ಕರೆದುಕೊಂಡು ಬರ್ತೀನಿ ಅಂದಿದ್ದಾರೆ. ಅವರ ಎದುರು ಮನೆಯವರ ಹೆಸರು ನೋಟ್‌ಬುಕ್ಕಿನಲ್ಲಿದೆ, "ಎರಡು ನಾಯಿ ಆದರೂ ಸೈ" ಅಂತ ಬರೆದಿದ್ದಾರೆ. ಅವರನ್ನೂ ಭಾನುವಾರವೇ ಬರಲು ಹೇಳಿದ್ದೇವೆ.