ಕರೆಂಟ್ ಹೋಗಿ ಬಂದರೆ ಅದಲುಬದಲಾಗುವ ಹೆಸರುಗಳು

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಸೋದರಮಾವನ ಝೆರಾಕ್ಸ್ ಅಂಗಡಿಯಲ್ಲಿ ಡೆಬಿಯನ್ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರೊಂದು ರೂಟರಿನ ಕೆಲಸ ಮಾಡುತ್ತದೆ. ಅದರ ಒಂದು ನೆಟ್‌ವರ್ಕ್ ಕಾರ್ಡಿಗೆ ಮೋಡೆಮಿನ ಕೇಬಲ್, ಇನ್ನೊಂದಕ್ಕೆ ಅಂಗಡಿಯ ಸ್ವಿಚ್. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ಕೆಲವೊಮ್ಮೆ ಮಾತ್ರ, "ತಮ್ಮಾ, ನೆಟ್ ಮತ್ತ ಹೋತು ನೋಡು" ಎಂದು ಮಾವನ ಫೋನ್ ಬರುತ್ತಿತ್ತು. ಇನ್ನೊಮ್ಮೆ ರೀಬೂಟ್ ಮಾಡಿದರೆ ಸರಿಹೋಗುತ್ತಿದ್ದುದರಿಂದ ನಾನು ಎರಡು ತಿಂಗಳು ಮೋಡೆಮನ್ನೇ ಬೈಯುತ್ತಿದ್ದೆ.

ಒಂದು ಭಾನುವಾರ ಹೋಗಿ, ಎರಡೂ ಕಾರ್ಡುಗಳ ಮ್ಯಾಕ್ ವಿಳಾಸಗಳನ್ನು (ಪ್ರತಿ ಕಾರ್ಡಿಗೂ ತಯಾರಕರು ಕೊಡುವ ಗುರುತಿನ ಸಂಖ್ಯೆ) ಚೀಟಿಯಲ್ಲಿ ಬರೆದುಕೊಂಡು, ಪ್ರತಿ ರೀಬೂಟಿನ ನಂತರ ತಾಳೆ ನೋಡಿದಾಗ ಕಾರಣ ಸಿಕ್ಕಿತು: ಕಾರ್ಡುಗಳ ಹೆಸರುಗಳಾದ ಈಥ್0 ಮತ್ತು ಈಥ್1 ಅದಲುಬದಲಾಗಿ, ಆ ಹೆಸರು ನೋಡಿ ಹೊರಗಿನವರನ್ನು ತಡೆಯುವ ಫೈರ್‌ವಾಲ್ ಅಂಗಡಿಯವರಿಗೇ ಬಾಗಿಲು ಹಾಕಿತ್ತು. ಲಿನಕ್ಸಿನ ತಿರುಳಾದ ಕರ್ನಲ್ ಈ ಹೆಸರುಗಳನ್ನು ಕಾರ್ಡುಗಳು ಪತ್ತೆಯಾದ ಸರದಿಯಲ್ಲಿ ಹಂಚುತ್ತದೆ. ಆ ಸರದಿ ಪ್ರತಿ ಬಾರಿಯೂ ಒಂದೇ ಇರುತ್ತದೆಂಬ ಖಾತ್ರಿಯಿಲ್ಲ. ಲಿನಕ್ಸಿನ ಸೇವೆಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಎಂಬ ತಂತ್ರಾಂಶದ 197ನೇ ಆವೃತ್ತಿ 2013ರಲ್ಲಿ ತಂದ ಹೊಸ ಹೆಸರುಗಳು ಇದಕ್ಕೇ ಮದ್ದು. ಆದರೆ ಹಳೆಯ ಹೆಸರಿನ ಮೋಹಕ್ಕೆ ಯಾರೋ (ನಾನೇ ಇರಬೇಕು) ಬೂಟ್ ಸಾಲಿನಲ್ಲಿ (ಆರಂಭದಲ್ಲಿ ಕರ್ನಲ್‌ಗೆ ಕೊಡುವ ಸೂಚನೆಗಳಲ್ಲಿ) ಆ ಹೊಸ ಹೆಸರುಗಳನ್ನು ಬಂದ್ ಮಾಡಿದ್ದರು.

ಆ ಸೂಚನೆಯನ್ನು ತೆಗೆದೆ. ಈಗ ಒಂದು ಕಾರ್ಡಿಗೆ ಇಎನ್‌ಪಿ2ಎಸ್0 ಎಂಬ ಹೆಸರು ಬಂತು. ಹಾಗೆಂದರೆ 2ನೇ ಪಿಸಿಐ ಬಸ್ಸಿನ (ಕಾರ್ಡುಗಳನ್ನು ಜೋಡಿಸುವ ದಾರಿ) 0ನೇ ಸ್ಲಾಟಿನಲ್ಲಿರುವ ಈಥರ್ನೆಟ್ ಕಾರ್ಡು. ನವನಗರದ ಸೆಕ್ಟರ್ ಸಂಖ್ಯೆಯಂತೆ ಜಾಗವನ್ನು ಹೇಳುವ ಹೆಸರು. ಆದರೆ ಹೊಸ ಕಾರ್ಡು ಬಂದರೆ ಬಸ್ ಸಂಖ್ಯೆಗಳು ಸರಿಯಬಹುದು. ಮಾವ ಗ್ರಾಫಿಕ್ಸ್ ಕಾರ್ಡು ಹಾಕಿಸಿದ ದಿನ ಅದು ಇಎನ್‌ಪಿ3ಎಸ್0 ಆಯಿತು, ಮತ್ತೆ ಫೋನ್ ಬಂತು.

ಈಗ ಸಿಸ್ಟಮ್‌ಡಿಯ ನೆಟ್‌ವರ್ಕ್ ಫೋಲ್ಡರಿನಲ್ಲಿ, ಹೆಸರು 10ರಿಂದ ಆರಂಭವಾಗುವ ಕಾರ್ಡಿಗೆ ಹೆಸರಿಡುವ ಎರಡು ಲಿಂಕ್ ಫೈಲುಗಳನ್ನು, ಕಾರ್ಡಿಗೊಂದರಂತೆ, ಬರೆದಿದ್ದೇನೆ. ಮೊದಲು ಹೊಂದಿಕೆಯಾದ ಫೈಲು ಮಾತ್ರ ಜಾರಿಯಾಗುವುದರಿಂದ, ನಮ್ಮ ಫೈಲು 99ರ ಪೂರ್ವನಿಯೋಜಿತ ಫೈಲಿಗಿಂತ ಮುಂಚೆ ಬರಬೇಕು. ಒಳಗೆ ನಾಲ್ಕೇ ಸಾಲು: ಮ್ಯಾಚ್ ಭಾಗದಲ್ಲಿ ಕಾರ್ಡಿನ ಶಾಶ್ವತ ಮ್ಯಾಕ್ ವಿಳಾಸ, ಲಿಂಕ್ ಭಾಗದಲ್ಲಿ ಹೆಸರು. ಶಾಶ್ವತ ಎನ್ನದೆ ಬರೀ ಮ್ಯಾಕ್ ವಿಳಾಸ ಕೊಟ್ಟರೆ ಅದೇ ವಿಳಾಸವನ್ನು ಎರವಲು ಪಡೆದ ಬ್ರಿಜ್ ಅಥವಾ ವಿಎಲ್ಯಾನ್‌ನಂಥ ತಂತ್ರಾಂಶದ ಕಾರ್ಡು ಕೂಡ ಆ ಹೆಸರಿಗೆ ಕೈಚಾಚಬಹುದು. ಹೆಸರು ಮಾತ್ರ ಈಥ್0 ಬೇಡ. ಕರ್ನಲ್ ಅದೇ ಹೊತ್ತಿಗೆ ಆ ಹೆಸರನ್ನು ಇನ್ನೊಂದು ಕಾರ್ಡಿಗೆ ಕೊಟ್ಟಿರಬಹುದು. ನಾನು ಹೊರಗಿನದಕ್ಕೆ ವ್ಯಾನ್0, ಒಳಗಿನದಕ್ಕೆ ಲ್ಯಾನ್0 ಎಂದಿಟ್ಟು, ಬೂಟಿನ ಮೊದಲ ಹಂತದಲ್ಲಿ ಬಳಕೆಯಾಗುವ ಪುಟ್ಟ ಫೈಲುಕಟ್ಟಾದ ಇನಿಟ್‌ರಾಮ್‌ಎಫ್‌ಎಸ್ ಅನ್ನೂ ನವೀಕರಿಸಿದೆ. ಅದರೊಳಗೆ ಹಳೆಯ ಪ್ರತಿ ಉಳಿದರೆ ಬೂಟ್ ಹೊತ್ತಿಗೆ ಹಳೆಯ ಹೆಸರೇ ಅಂಟಿಕೊಳ್ಳಬಹುದು.

ಕಾರ್ಡು ಸುಟ್ಟು ಹೊಸದು ಬಂದರೆ ಮ್ಯಾಕ್ ವಿಳಾಸದ ಸಾಲನ್ನು ತಿದ್ದಲೇಬೇಕು. ಅದಕ್ಕಾಗಿ ಆ ಚೀಟಿಯನ್ನು ಕ್ಯಾಬಿನೆಟ್ಟಿನ ಮಗ್ಗುಲಿಗೆ ಅಂಟಿಸಿ ಬಂದಿದ್ದೇನೆ.