ಹುಬ್ಬಳ್ಳಿ-ಧಾರವಾಡಕ್ಕೆ 24 ತಾಸಿನ ಸುದ್ದಿ ಚಾನೆಲ್: ಪಟ್ಟಿ ಮೊದಲು, ಸ್ಟುಡಿಯೋ ಆಮೇಲೆ

ಲೋಕಲ್ ನ್ಯೂಸ್ ಚಾನೆಲ್ ಶುರು ಮಾಡಲು ಹೊರಟವರ ಬಜೆಟ್ ಹಾಳೆ ನೋಡಿದರೆ ಮೊದಲ ಸಾಲಿನಲ್ಲೇ ಎಲ್‌ಇಡಿ ವಾಲ್, ಗಾಜಿನ ಮೇಜು, ಕ್ರೋಮಾ ಪರದೆ, ಮೂರು ಕ್ಯಾಮೆರಾ ಇರುತ್ತವೆ. ಪ್ಲೇಔಟ್ (ಕಾರ್ಯಕ್ರಮಗಳನ್ನು ಸಾಲಾಗಿ ಪ್ರಸಾರಕ್ಕೆ ಬಿಡುವ ಗಣಕ) ಮತ್ತು ಟಿಕ್ಕರ್ (ಪರದೆಯ ಕೆಳಗೆ ಓಡುವ ಪಟ್ಟಿ) ಕೊನೆಗೆ, ಅದೂ ದುಡ್ಡು ಉಳಿದರೆ. ಈ ಹಾಳೆಯನ್ನು ತಲೆಕೆಳಗು ಮಾಡಬೇಕು. ವಿಧಾನಸೌಧದ ಸುದ್ದಿ ಬೇಕಾದವರು ಬೆಂಗಳೂರಿನ ಚಾನೆಲ್ ಹಾಕುತ್ತಾರೆ. 2006ರ ಡಿಸೆಂಬರ್‌ನಲ್ಲಿ ಟಿವಿ9 ಬಂದ ಮೇಲೆ ಅಂಥವಕ್ಕೇನೂ ಬರವಿಲ್ಲ. ನಿಮ್ಮ ಚಾನೆಲ್ ನಂಬರ್ ಒತ್ತುವವರ ಪ್ರಶ್ನೆಗಳೇ ಬೇರೆ: ಇವತ್ತು ನಮ್ಮ ಓಣಿಗೆ ನೀರು ಬಿಡ್ತಾರೋ ಇಲ್ಲೋ, ಕರೆಂಟ್ ಎಷ್ಟು ತಾಸು ಇರಂಗಿಲ್ಲ, ಅಮರಗೋಳ ಮಾರ್ಕೆಟ್‌ನ್ಯಾಗ ರೇಟು ಏನಾತು, ಯಾರು ತೀರಿಕೊಂಡರು. ಇವಕ್ಕೆಲ್ಲ ಉತ್ತರ ಸಿಗುವುದು ಪರದೆಯ ಕೆಳಗಿನ ಪಟ್ಟಿಯಲ್ಲಿ, ಆಂಕರ್ ಬಾಯಲ್ಲಲ್ಲ.

ಮೊದಲು ಕಾಗದಪತ್ರ. ಉಪಗ್ರಹ ಸುದ್ದಿ ಚಾನೆಲ್ ಬೇಕೆಂದರೆ ಕಂಪನಿಯ ನಿವ್ವಳ ಮೌಲ್ಯವೇ 20 ಕೋಟಿ ರೂ. ಇರಬೇಕು. ಆ ಮಾತು ಬಿಡಿ. ಅನಲಾಗ್ ಕಾಲದಲ್ಲಿ ಓಣಿಯ ಕೇಬಲ್ ಆಪರೇಟರ್ ಒಂದು ಮಾಡ್ಯುಲೇಟರ್ ಇಟ್ಟು, ಖಾಲಿ ಇದ್ದ ಚಾನೆಲ್‌ಗೆ ತನ್ನ ಡಿವಿಡಿ ಪ್ಲೇಯರ್ ಜೋಡಿಸಿದರೆ ಲೋಕಲ್ ಚಾನೆಲ್ ತಯಾರು. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ಬಂತು, ಡಿಜಿಟಲೀಕರಣ ಹಂತಹಂತವಾಗಿ ಇಳಿಯಿತು: ಬೆಂಗಳೂರು, ಮೈಸೂರು ಎರಡನೇ ಹಂತದಲ್ಲಿ, ನಮ್ಮ ಅವಳಿನಗರ ಮೂರನೇ ಹಂತದಲ್ಲಿ. ಈಗ ಸಿಗ್ನಲ್ ಎಂಎಸ್‌ಒ (ಓಣಿಯ ಆಪರೇಟರ್‌ಗಳಿಗೆ ಚಾನೆಲ್ ಒದಗಿಸುವ ದೊಡ್ಡ ಕೇಬಲ್ ಕಂಪನಿ) ಹೆಡ್‌ಎಂಡ್‌ನಿಂದಲೇ, ಅಂದರೆ ಎಲ್ಲ ಚಾನೆಲ್ ಕೂಡುವ ಅದರ ಕೇಂದ್ರದಿಂದಲೇ, ಎನ್‌ಕ್ರಿಪ್ಟ್ ಆಗಿ ಹೊರಡುತ್ತದೆ, ಓಣಿಯ ಆಪರೇಟರ್ ನಡುವೆ ಏನನ್ನೂ ತೂರಿಸುವಂತಿಲ್ಲ.

ಹಾಗಾಗಿ ಇಂದು ಕಾನೂನಿನ ಕಣ್ಣಲ್ಲಿ ನಿಮ್ಮ ಚಾನೆಲ್ ಎಂಎಸ್‌ಒ ನಡೆಸುವ ‘ಪ್ಲಾಟ್‌ಫಾರ್ಮ್ ಸರ್ವಿಸ್’. 2022ರ ನವೆಂಬರ್ 30ರ ಕೇಂದ್ರದ ಮಾರ್ಗಸೂಚಿ ಪ್ರಕಾರ ನೋಂದಣಿ ಎಂಎಸ್‌ಒ ಹೆಸರಿನಲ್ಲಿ, ಚಾನೆಲ್ ಒಂದಕ್ಕೆ 1,000 ರೂ. ಶುಲ್ಕ. ಇಂಥ ಚಾನೆಲ್‌ಗಳು ಎಂಎಸ್‌ಒದ ಒಟ್ಟು ಚಾನೆಲ್ ಸಾಮರ್ಥ್ಯದ ಶೇ 5ನ್ನು ಮೀರಬಾರದು. ಸ್ಥಳೀಯ ಭಾಷೆ, ಸಂಸ್ಕೃತಿಯ ಸಲುವಾಗಿ ಜಿಲ್ಲೆಗೆ ಇನ್ನೆರಡಕ್ಕೆ ಅವಕಾಶವಿದೆ. ಪರದೆ ಮೇಲೆ ‘ಪ್ಲಾಟ್‌ಫಾರ್ಮ್ ಸರ್ವಿಸಸ್’ ಎಂಬ ಬರಹ ಇರಬೇಕು. ಪ್ರಸಾರವಾದದ್ದರ ರೆಕಾರ್ಡಿಂಗ್ 90 ದಿನ ಕಾಯ್ದಿಡಬೇಕು. ಇದರ ತಾತ್ಪರ್ಯ ಇಷ್ಟೇ: ದುಡ್ಡು ನಿಮ್ಮದು, ಹೆಸರು ನಿಮ್ಮದು, ಸ್ವಿಚ್ ಮಾತ್ರ ಅವರ ಕೈಯಲ್ಲಿ. ಆದ್ದರಿಂದ ಒಪ್ಪಂದದಲ್ಲಿ ನಾಲ್ಕು ಮಾತು ಬರಹದಲ್ಲೇ ಇರಲಿ. ಚಾನೆಲ್ ನಂಬರ್ ಬದಲಿಸುವ ಮೊದಲು ಎಷ್ಟು ದಿನದ ನೋಟಿಸ್, ತೆಗೆಯುವ ಮೊದಲು ಎಷ್ಟು ದಿನದ್ದು, ರೆಕಾರ್ಡಿಂಗ್ ಯಾರ ಜವಾಬ್ದಾರಿ, ಮತ್ತು ನಿಮ್ಮ ಫೀಡ್ ಯಾವ ಜಾಗದಲ್ಲಿ ಸೇರುತ್ತದೆ. ಕೊನೆಯದನ್ನು ಯಾರೂ ಕೇಳುವುದಿಲ್ಲ. ಮುಖ್ಯ ಹೆಡ್‌ಎಂಡ್ ಬೆಂಗಳೂರಿನಲ್ಲಿದ್ದು ಹುಬ್ಬಳ್ಳಿಯಲ್ಲಿ ಸ್ಥಳೀಯವಾಗಿ ಸೇರಿಸುವ ವ್ಯವಸ್ಥೆ ಇಲ್ಲದಿದ್ದರೆ, ನಿಮ್ಮ ಓಣಿಯ ನೀರಿನ ಸುದ್ದಿ ಬೆಂಗಳೂರಿಗೆ ಹೋಗಿ ತಿರುಗಿ ಬರಬೇಕು. ಲೈನ್ ಕಡಿದರೆ ಚಾನೆಲ್ ಕಪ್ಪು.

ಇನ್ನು 24 ತಾಸಿನ ಲೆಕ್ಕ. ಅರ್ಧ ತಾಸಿನ ಬುಲೆಟಿನ್‌ನಲ್ಲಿ ಜಾಹೀರಾತಿಗೆ 6 ನಿಮಿಷ ಹೋಗುತ್ತದೆ (ಕೇಬಲ್ ನಿಯಮದ ಮಿತಿಯೇ ತಾಸಿಗೆ 12 ನಿಮಿಷ, ಅದರಲ್ಲೂ 2 ನಿಮಿಷ ಚಾನೆಲ್‌ನ ಸ್ವಂತ ಪ್ರೋಮೋಕ್ಕೆ). ಹೆಡ್‌ಲೈನ್, ಸ್ಟಿಂಗ್ (ನಡುವೆ ಬರುವ ಚಿಕ್ಕ ಸಂಗೀತದ ತುಣುಕು) ಕಳೆದರೆ ಉಳಿಯುವುದು 22 ನಿಮಿಷದ ಆಸುಪಾಸು. ಒಂದು ಸುದ್ದಿಗೆ 75 ಸೆಕೆಂಡ್ ಅಂದರೆ 17 ಸುದ್ದಿ. ದಿನಕ್ಕೆ ನಾಲ್ಕು ಬುಲೆಟಿನ್ ಮಾಡಿ, ಮೊದಲನೆಯದು ಪೂರ್ತಿ ಹೊಸದು, ಉಳಿದ ಮೂರರಲ್ಲೂ ಅರ್ಧ ಹೊಸದಿರಲಿ ಅಂದರೆ 40ಕ್ಕೂ ಹೆಚ್ಚು ಹೊಸ ಸುದ್ದಿ ಬೇಕು. ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾಮನ್ ದಿನಕ್ಕೆ ಮೂರೋ ನಾಲ್ಕೋ ಸುದ್ದಿ ತರಬಹುದು. ಅಂದರೆ ಹತ್ತು-ಹನ್ನೆರಡು ತಂಡ. ಜಿಲ್ಲಾ ಮಟ್ಟದ ಯಾವ ಚಾನೆಲ್‌ಗೂ ಇದು ಗಿಟ್ಟುವುದಿಲ್ಲ. ಬದಲಿಗೆ ಹೀಗೆ ಮಾಡಿ: ಮಧ್ಯಾಹ್ನ 1ಕ್ಕೆ, ಸಂಜೆ 7ಕ್ಕೆ ಎರಡು ಪೂರ್ತಿ ಬುಲೆಟಿನ್. ಬೆಳಿಗ್ಗೆ ಮತ್ತು ರಾತ್ರಿ ಅವನ್ನೇ ತಿದ್ದಿದ ರೂಪ. ಅವಳಿನಗರಕ್ಕೆ ಮೂರು ತಂಡ, ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಅಳ್ನಾವರಕ್ಕೆ ಸ್ಟ್ರಿಂಗರ್‌ಗಳು (ಅರೆಕಾಲಿಕ ವರದಿಗಾರರು). ದಿನಕ್ಕೆ 25 ಸುದ್ದಿ, ಅಷ್ಟು ಸಾಕು. ಉಳಿದ ತಾಸೆಲ್ಲ ಮರುಪ್ರಸಾರವೇ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಆದರೆ ಮರುಪ್ರಸಾರಕ್ಕೆಂದೇ ಬರೆಯುವುದನ್ನು ಕಲಿಯಬೇಕು. ಸ್ಕ್ರಿಪ್ಟ್‌ನಲ್ಲಿ ‘ಇಂದು ಬೆಳಿಗ್ಗೆ’ ಅಂತ ಇದ್ದರೆ ರಾತ್ರಿ 12 ದಾಟಿದ ಮೇಲೆ ಅದು ಸುಳ್ಳು. ‘ಸೋಮವಾರ ಬೆಳಿಗ್ಗೆ’ ಅಂತಲೇ ಓದಿಸಿ. ‘ನೇರಪ್ರಸಾರ’ ಬಗ್ (ಪರದೆ ಮೂಲೆಯ ಗುರುತು), ಗಡಿಯಾರ, ಟಿಕ್ಕರ್ ಇವು ಯಾವುವೂ ರೆಕಾರ್ಡ್ ಫೈಲ್‌ನೊಳಗೆ ಸೇರಬಾರದು. ಸ್ಟುಡಿಯೋದಿಂದ ಶುದ್ಧ ಚಿತ್ರ ರೆಕಾರ್ಡ್ ಆಗಲಿ, ಹೆಸರಿನ ಪಟ್ಟಿ ಮಾತ್ರ ಇರಲಿ. ಉಳಿದದ್ದನ್ನು ಪ್ಲೇಔಟ್ ಗಣಕ ಮೇಲಿಂದ ಹೊದಿಸಬೇಕು. ಇಲ್ಲದಿದ್ದರೆ ಬೆಳಿಗ್ಗೆ ಪ್ಲೇ ಆಗುವಾಗ ನಿನ್ನೆಯ ಟಿಕ್ಕರ್ ಮೇಲೆ ಇವತ್ತಿನದು ಓಡುತ್ತಿರುತ್ತದೆ, ನೋಡುವವರಿಗೆ ಎರಡೂ ಕಾಣಿಸುವುದಿಲ್ಲ.

ಈಗ ಪಟ್ಟಿಗೆ ಬರೋಣ.

ಕನ್ನಡ ಟಿಕ್ಕರ್ ಕೆಡುವುದು ಹೆಚ್ಚಾಗಿ ಅಕ್ಷರದಲ್ಲೇ. ಸರ್ಕಾರಿ ಕಚೇರಿಯಿಂದ ಬರುವ ಪ್ರಕಟಣೆ ಇನ್ನೂ ಎಷ್ಟೋ ಸಲ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿರುತ್ತದೆ. ಅದು ಯೂನಿಕೋಡ್ ಅಲ್ಲ. ನೇರ ಅಂಟಿಸಿದರೆ ಪರದೆ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಡೆಸ್ಕ್‌ನಲ್ಲಿ ಎಲ್ಲವೂ ಪರಿವರ್ತಕದ ಮೂಲಕವೇ ಹಾದು ಬರಬೇಕು, ಆಮೇಲೆ ಒಬ್ಬರು ಕಣ್ಣಾಡಿಸಬೇಕು, ಯಾಕಂದರೆ ಪರಿವರ್ತಕಗಳು ಅರ್ಕಾವತ್ತಿನಲ್ಲಿ ಎಡವುತ್ತವೆ. ಎರಡನೆಯದು ಒತ್ತಕ್ಷರ. ಒಬಿಎಸ್ (ಪ್ರಸಾರಕ್ಕೆ ಬಳಸುವ ಉಚಿತ ತಂತ್ರಾಂಶ) ಬಳಸುವವರು ‘ಫ್ರೀಟೈಪ್ 2’ ಪಠ್ಯದ ಸೋರ್ಸ್ ಹಾಕಿದರೆ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತದೆ. ಟಿಕ್ಕರ್ ಅನ್ನು ಎಚ್‌ಟಿಎಂಎಲ್ ಪುಟವಾಗಿ ಮಾಡಿ ಬ್ರೌಸರ್ ಸೋರ್ಸ್‌ನಲ್ಲಿ ಓಡಿಸಿ. ಬ್ರೌಸರ್‌ಗೆ ಕನ್ನಡ ಜೋಡಿಸಲು ಬರುತ್ತದೆ. ಕ್ಯಾಸ್ಪರ್‌ಸಿಜಿ ಎಂಬ ಪ್ಲೇಔಟ್ ತಂತ್ರಾಂಶ ಬಳಸಿದರೂ ಎಚ್‌ಟಿಎಂಎಲ್ ಟೆಂಪ್ಲೇಟ್ ದಾರಿಯೇ ಒಳ್ಳೆಯದು.

‘ರ‍್ಯಾಲಿ’ ಮತ್ತು ‘ರ‍್ಯಾಂಕ್’ ನಮ್ಮ ಟಿಕ್ಕರ್‌ಗಳಲ್ಲಿ ದಿನಾ ಬರುತ್ತವೆ. ರ, ಹಲಂತ, ಯ ಅಂತ ಸುಮ್ಮನೆ ಒತ್ತಿದರೆ ‘ರ್ಯಾಲಿ’ ಆಗುತ್ತದೆ. ರ ಆದ ಕೂಡಲೇ ಝಡ್‌ಡಬ್ಲ್ಯೂಜೆ ಎಂಬ ಅದೃಶ್ಯ ಅಕ್ಷರ ಬೇಕು. ಡೆಸ್ಕ್‌ನವರಿಗೆ ಇಂಥ ಹತ್ತು ಪದಗಳ ಫೈಲ್ ಮಾಡಿಕೊಡಿ, ನಕಲು ಮಾಡಿ ಅಂಟಿಸಲಿ. ಇನ್ನು ಪಟ್ಟಿಯ ಎತ್ತರ: ಇಂಗ್ಲಿಷ್ ಟೆಂಪ್ಲೇಟ್ ಕೊಂಡು ತಂದು ಕನ್ನಡ ತುಂಬಿದರೆ ‘ರಾಷ್ಟ್ರ’ದ ಕಾಲು ಕತ್ತರಿಸಿ ಹೋಗುತ್ತದೆ, ಒತ್ತಿನ ಮೇಲೊಂದು ಒತ್ತು ಇರುವುದರಿಂದ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಬೇಕು, ದಪ್ಪ ಫಾಂಟ್ ಇರಲಿ. ಎಸ್‌ಡಿ ಪರದೆಗೆ, ಅಂದರೆ 720×576ಕ್ಕೆ ಇಳಿಸಿದಾಗ ತೆಳುಗೆರೆ ಮಾಯವಾಗುತ್ತದೆ. ಹಳೆಯ ಟೀವಿಗಳು ಅಂಚು ನುಂಗುತ್ತವೆ, ಆದ್ದರಿಂದ ಪಟ್ಟಿ ಕೆಳಗಿನ ಅಂಚಿನಿಂದ ಶೇ 5ರಷ್ಟು ಮೇಲಿರಲಿ. ಓಟದ ವೇಗ ಪೂರ್ಣ ಸಂಖ್ಯೆಯ ಪಿಕ್ಸೆಲ್‌ನಲ್ಲಿರಬೇಕು: ಸೆಕೆಂಡಿಗೆ 50 ಫೀಲ್ಡ್ (ಎರಡು ಫೀಲ್ಡ್ ಕೂಡಿದರೆ ಒಂದು ಫ್ರೇಮ್), ಫೀಲ್ಡ್‌ಗೆ 2 ಪಿಕ್ಸೆಲ್ ಅಂದರೆ ಅಕ್ಷರ ಪರದೆ ದಾಟಲು 7 ಸೆಕೆಂಡ್ ಚಿಲ್ಲರೆ. ಓದಲು ಹದ. ಒಬಿಎಸ್ ತಾನಾಗಿ 30 ಫ್ರೇಮ್‌ಗೆ ನಿಂತಿರುತ್ತದೆ. ಕೇಬಲ್‌ಗೆ ಹೋಗುವುದು 25. ಅದನ್ನು ಬದಲಿಸದಿದ್ದರೆ ಟಿಕ್ಕರ್ ಕುಂಟುತ್ತದೆ.

ಪಟ್ಟಿಯ ಒಳಗಿನ ಮಾಹಿತಿ ಇನ್ನೂ ಕಷ್ಟದ ಕೆಲಸ. ಅವಳಿನಗರದ ನೀರು ಸವದತ್ತಿಯ ರೇಣುಕಾಸಾಗರದಿಂದಲೂ ನೀರಸಾಗರದಿಂದಲೂ ಬರುತ್ತದೆ, 2021ರ ಚುನಾವಣೆ ಹೊತ್ತಿಗೆ ಪಾಲಿಕೆಗೆ 82 ವಾರ್ಡ್ ಇದ್ದವು. ‘ವಾರ್ಡ್ 37ಕ್ಕೆ ನೀರು’ ಅಂದರೆ ಅರ್ಧ ಜನಕ್ಕೆ ತಮ್ಮ ವಾರ್ಡ್ ನಂಬರ್ರೇ ಗೊತ್ತಿಲ್ಲ. ಓಣಿ, ಕಾಲೊನಿ, ಕ್ರಾಸ್ ಹೆಸರು ಬೇಕು. ಕಚೇರಿಯ ವೇಳಾಪಟ್ಟಿಗಿಂತ ವಾಲ್ವ್‌ಮನ್ ಫೋನ್ ಹೆಚ್ಚು ನಂಬಿಕೆಯದು, ಆದರೆ ಅವರ ಮಾತು ಬಾಯಿಮಾತು; ಎಂಜಿನಿಯರ್ ಹತ್ತಿರ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಪ್ರತಿ ಸಾಲಿನ ಕೊನೆಗೆ ‘ಬೆಳಿಗ್ಗೆ 6.40ರ ಮಾಹಿತಿ’ ಅಂತ ಹಾಕಿ, ಆರು ತಾಸಾದ ಕೂಡಲೇ ತಾನಾಗಿ ಉದುರುವಂತೆ ಮಾಡಿ. ಹಳಸಿದ ಸಾಲು ಇಡೀ ಪಟ್ಟಿಯ ನಂಬಿಕೆ ಕೆಡಿಸುತ್ತದೆ. ಹೆಸ್ಕಾಂ ಪ್ರಕಟಣೆಯಲ್ಲಿ ಉಪಕೇಂದ್ರ, ಫೀಡರ್ ಹೆಸರಿರುತ್ತದೆ. ಯಾವ ಫೀಡರ್‌ಗೆ ಯಾವ ಓಣಿ ಅಂತ ಒಂದು ಕೋಷ್ಟಕವನ್ನು ಒಮ್ಮೆ ಕೂತು ಮಾಡಿಕೊಂಡರೆ ಮುಂದೆ ಎರಡು ನಿಮಿಷದ ಕೆಲಸ.

ಮಾರುಕಟ್ಟೆ ದರದಲ್ಲಿ ಗರಿಷ್ಠ ಬೆಲೆಯೊಂದನ್ನೇ ಓಡಿಸುವ ಚಟ ಬಿಡಬೇಕು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರದ ವ್ಯಾಪಾರ ಮುಗಿದ ಮೇಲೆ ಕಡ್ಡಿ, ಡಬ್ಬಿ, ಗುಂಟೂರು ಮೂರೂ ಬಗೆಯನ್ನು ಬೇರೆ ಬೇರೆಯಾಗಿ, ಕನಿಷ್ಠ, ಗರಿಷ್ಠ, ಮಾದರಿ ದರ (ಹೆಚ್ಚು ಮಾಲು ಮಾರಿದ ದರ) ಮತ್ತು ಎಷ್ಟು ಚೀಲ ಆವಕ ಎಂಬುದರೊಂದಿಗೆ ಹಾಕಿ. ಗರಿಷ್ಠ ದರ ಸಿಕ್ಕಿದ್ದು ಎರಡು ಲಾಟಿಗೆ ಇರಬಹುದು. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ದರ ಕುಸಿದು ವಾಹನಗಳಿಗೆ ಬೆಂಕಿ ಬಿದ್ದದ್ದು ನೆನಪಿರುವವರಿಗೆ ಈ ಅಂಕಿಯ ತೂಕ ಗೊತ್ತು.

ಧ್ವನಿಯಲ್ಲಿ ಒಂದು ದೋಷ ಪದೇಪದೇ ಕಾಣುತ್ತದೆ. ಮಠದ ಕಾರ್ಯಕ್ರಮಕ್ಕೋ ಸಮಾವೇಶಕ್ಕೋ ಹೋದ ಕ್ಯಾಮೆರಾಮನ್ ಅಲ್ಲಿನ ಮೈಕ್‌ಸೆಟ್ ಮಿಕ್ಸರ್‌ನ ಎಕ್ಸ್‌ಎಲ್‌ಆರ್ ಔಟ್‌ಪುಟ್ ಅನ್ನು ಒಂದು ಅಗ್ಗದ ಕೇಬಲ್‌ನಿಂದ ಕ್ಯಾಮೆರಾದ 3.5 ಮಿ.ಮೀ. ಸ್ಟೀರಿಯೋ ತೂತಿಗೆ ಹಾಕುತ್ತಾನೆ. ಆ ಲೈನಿನ ಎರಡು ತಂತಿಯಲ್ಲಿ ಒಂದೇ ಧ್ವನಿ ಉಲ್ಟಾ-ಸುಲ್ಟಾ ಹರಿಯುತ್ತದೆ. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗಿ ಕೂರುತ್ತದೆ. ಹೆಡ್‌ಫೋನ್‌ನಲ್ಲಿ ಕೇಳುತ್ತದೆ, ಎಡಿಟಿಂಗ್ ಟೇಬಲ್ ಮೇಲೂ ಕೇಳುತ್ತದೆ. ಒಂದೇ ಸ್ಪೀಕರ್ ಇರುವ ಟೀವಿಯಲ್ಲಿ ಎರಡೂ ಕೂಡಿ ಪರಸ್ಪರ ಹೊಡೆದುಕೊಂಡು ಸ್ವಾಮೀಜಿ ಬಾಯಿ ಅಲ್ಲಾಡುತ್ತದೆ, ಮಾತಿಲ್ಲ. ಪರಿಹಾರ ಸುಲಭ: ಎಡಿಟ್‌ನಲ್ಲಿ ಒಂದು ಚಾನೆಲ್ ತೆಗೆದು ಇನ್ನೊಂದನ್ನೇ ಎರಡೂ ಕಡೆ ಹಾಕಿ. ಪ್ಲೇಔಟ್ ಕೋಣೆಯಲ್ಲಿ ಒಂದು ಹಳೆಯ ಮೋನೋ ಟೀವಿ ಕಡ್ಡಾಯ. ಮೊಬೈಲ್‌ನಲ್ಲಿ ಶೂಟ್ ಮಾಡಿದ್ದರಲ್ಲಿ ಫ್ರೇಮ್ ವೇಗ ಏರಿಳಿಯುತ್ತಿರುತ್ತದೆ, ಉದ್ದ ಭಾಷಣದಲ್ಲಿ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುತ್ತದೆ. ಎಡಿಟ್‌ಗೆ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಸ್ಥಿರ 25 ಫ್ರೇಮ್‌ಗೆ ಪರಿವರ್ತಿಸಿ.

ಸ್ಟುಡಿಯೋದಿಂದ ಹೆಡ್‌ಎಂಡ್‌ಗೆ ಫೈಬರ್ ಎಳೆಸಿ, ತಾಮ್ರದ ಕೋಆ್ಯಕ್ಸ್ ಬೇಡ. ಏಪ್ರಿಲ್-ಮೇ ತಿಂಗಳ ಸಿಡಿಲುಮಳೆಯಲ್ಲಿ ಎನ್‌ಕೋಡರ್ (ಚಿತ್ರವನ್ನು ಡಿಜಿಟಲ್ ಸಿಗ್ನಲ್ ಆಗಿಸುವ ಯಂತ್ರ) ಸುಡುವುದು ಆ ತಾಮ್ರದ ದಾರಿಯಿಂದಲೇ. ಬದಲಿ ಮಾರ್ಗಕ್ಕೆ ಇನ್ನೊಂದು ಕಂಪನಿಯ ಬ್ರಾಡ್‌ಬ್ಯಾಂಡ್ ಮೇಲೆ ಎಸ್‌ಆರ್‌ಟಿ (ಇಂಟರ್ನೆಟ್ ಮೂಲಕ ವಿಡಿಯೊ ಕಳಿಸುವ ವಿಧಾನ). ಆದರೆ ಎರಡೂ ಕಂಪನಿಯ ಕೇಬಲ್ ಒಂದೇ ಕಂಬದಿಂದ ಇಳಿದಿದ್ದರೆ ಜೆಸಿಬಿಗೆ ಎರಡೂ ಒಂದೇ. ಕಟ್ಟಡಕ್ಕೆ ಬೇರೆ ಬೇರೆ ರಸ್ತೆಯಿಂದ ಬರುತ್ತವೆಯೇ ಅಂತ ನಡೆದು ನೋಡಿ. ಮೊಬೈಲ್‌ನಿಂದ ಲೈವ್ ಕೊಡುವಾಗ ಎಸ್‌ಆರ್‌ಟಿ ಲೇಟೆನ್ಸಿ (ವಿಳಂಬದ ಅವಧಿ) ಡಿಫಾಲ್ಟ್ 120 ಮಿಲಿಸೆಕೆಂಡ್ ಸಾಲದು, 2,000 ಇಡಿ. ಸಿದ್ಧಾರೂಢ ಮಠದ ಜಾತ್ರೆ, ಗಣೇಶ ವಿಸರ್ಜನೆಯಂಥ ಜನಜಂಗುಳಿಯಲ್ಲಿ ಟವರ್ ತುಂಬಿಹೋಗುತ್ತದೆ. ಅಲ್ಲಿ ಲೈವ್‌ಗಿಂತ ಬೈಕ್ ಮೇಲೆ ಮೆಮೊರಿ ಕಾರ್ಡ್ ಕಳಿಸುವುದೇ ಬೇಗ.

ಪ್ಲೇಔಟ್ ಗಣಕ, ಎನ್‌ಕೋಡರ್, ಸ್ವಿಚ್, ರೂಟರ್ ಕೂಡಿ ಸುಮಾರು 600 ವಾಟ್. 12 ವೋಲ್ಟ್, 100 ಎಎಚ್‌ನ ನಾಲ್ಕು ಬ್ಯಾಟರಿಯಲ್ಲಿ ಲೆಕ್ಕಕ್ಕೆ 4.8 ಯೂನಿಟ್, ಕೈಗೆ ಸಿಗುವುದು ಅರ್ಧ-ಮುಕ್ಕಾಲು. ನಾಲ್ಕರಿಂದ ಆರು ತಾಸು ನಡೆಯುತ್ತದೆ. ಸ್ಟುಡಿಯೋ ದೀಪ, ಏಸಿ ಇವನ್ನು ಆ ಯುಪಿಎಸ್‌ಗೆ ಎಂದೂ ಸೇರಿಸಬೇಡಿ.

90 ದಿನದ ರೆಕಾರ್ಡಿಂಗ್ ಅಂದರೆ ಹೆದರುವವರಿದ್ದಾರೆ. ಸೆಕೆಂಡಿಗೆ 2 ಮೆಗಾಬಿಟ್‌ನಲ್ಲಿ ದಿನಕ್ಕೆ 21.6 ಜಿಬಿ, 90 ದಿನಕ್ಕೆ 2 ಟಿಬಿ ಒಳಗೇ. 4 ಟಿಬಿಯ ಎರಡು ಡಿಸ್ಕ್ ಜೋಡಿಯಾಗಿಟ್ಟರೆ ಆಯಿತು. ರೆಕಾರ್ಡ್ ಮಾಡುವುದು ಪ್ಲೇಔಟ್‌ನ ಔಟ್‌ಪುಟ್ ಅಲ್ಲ, ಸೆಟ್‌ಟಾಪ್ ಬಾಕ್ಸ್‌ನಿಂದ ಹೊರಬಂದದ್ದನ್ನು, ದಿನಾಂಕ-ವೇಳೆ ಮುದ್ರೆ ಸಮೇತ. ದೂರು ಬಂದಾಗ ಕೇಳುವುದು ಮನೆಯಲ್ಲಿ ಏನು ಕಂಡಿತು ಎಂಬುದನ್ನು.

ಚುನಾವಣೆ ಬಂದಾಗ ಲೋಕಲ್ ಚಾನೆಲ್‌ಗೆ ದುಡ್ಡೂ ಬರುತ್ತದೆ, ತೊಂದರೆಯೂ. ರಾಜಕೀಯ ಜಾಹೀರಾತು, ಸ್ಕ್ರಾಲ್ ಸಹಿತ, ಎಂಸಿಎಂಸಿ (ಚುನಾವಣಾ ಆಯೋಗದ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ) ಪ್ರಮಾಣೀಕರಣ ಇಲ್ಲದೆ ಹಾಕುವಂತಿಲ್ಲ. ಮತದಾನ ಮುಗಿಯುವುದಕ್ಕೆ ಮುಂಚಿನ 48 ತಾಸು ಟೀವಿಯಲ್ಲಿ ಚುನಾವಣಾ ಪ್ರಚಾರ ನಿಷಿದ್ಧ, ಕೇಬಲ್ ಅಂತ ರಿಯಾಯಿತಿ ಇಲ್ಲ. ಮರುಪ್ರಸಾರದ ಚಕ್ರ ಇಲ್ಲಿಯೇ ಕೈಕೊಡುವುದು: ಮೂರು ದಿನದ ಹಿಂದಿನ ಅಭ್ಯರ್ಥಿ ಸಂದರ್ಶನ ನಡುರಾತ್ರಿ 2ಕ್ಕೆ ತಾನಾಗಿ ಪ್ಲೇ ಆಗುತ್ತದೆ, ಎಚ್ಚರವಿದ್ದವರು ಯಾರೂ ಇರುವುದಿಲ್ಲ. ಚುನಾವಣೆ ಘೋಷಣೆಯಾದ ದಿನದಿಂದಲೇ ಅಂಥ ಫೈಲ್‌ಗಳಿಗೆ ಬೇರೆ ಫೋಲ್ಡರ್ ಮಾಡಿ, 48 ತಾಸು ಶುರುವಾಗುವ ಗಳಿಗೆಗೆ ಆ ಫೋಲ್ಡರ್ ಅನ್ನು ಪ್ಲೇಲಿಸ್ಟ್‌ನಿಂದ ಕಿತ್ತುಹಾಕಿ.