ರೊಟ್ಟಿ ಎಷ್ಟೊತ್ತಿಗೆ ಕಡಕ್ ಆಯಿತು?

ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಥೆಗಳಲ್ಲಿ ಬರುವ ಸೇಂಟ್ ಮೇರಿ ಮೀಡ್ ಹಳ್ಳಿಯಲ್ಲಿ ಪಾದ್ರಿ ಯಾವಾಗ ಮನೆ ಬಿಟ್ಟ, ಯಾರ ಮನೆಗೆ ಯಾರು ಚಹಾಕ್ಕೆ ಹೋದರು ಅನ್ನುವುದೆಲ್ಲ ಊರಿಗೇ ಗೊತ್ತು. 1930ರ ಕಾದಂಬರಿಯಲ್ಲಿ ಪತ್ತೆ ಹಚ್ಚುವ ಮುದುಕಿ ಮಿಸ್ ಮಾರ್ಪಲ್ ತೋಟದ ಕೆಲಸದ ನೆಪದಲ್ಲಿ ಇದನ್ನೇ ನೋಡುತ್ತ ಕೂತಿರುತ್ತಾಳೆ. ದಿನಚರಿ ಅಷ್ಟು ಬಿಗಿ ಇರುವುದರಿಂದಲೇ ಒಂದು ಎಳೆ ತಪ್ಪಿದರೂ ಎದ್ದು ಕಾಣುತ್ತದೆ. ಈ ಕಥೆಗಳ ರುಚಿ ಇರುವುದು ಅಲ್ಲಿ. ರಕ್ತಕ್ಕೆ ಒಂದು ವಾಕ್ಯ ಸಾಕು. ಕಲಬುರಗಿ ಸೀಮೆಯ ಅಗಸಿ ಕಟ್ಟೆಯ ಮೇಲೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರು ಯಾವ ಬಸ್ಸಿಗೆ ಇಳಿದರು, ಕೈಚೀಲದಲ್ಲಿ ಏನಿತ್ತು, ಎಲ್ಲ ಲೆಕ್ಕ ಅಲ್ಲಿರುತ್ತದೆ.

ಹಾಗಾಗಿ ಇಂಥ ಕಥೆಯನ್ನು ಜೇವರ್ಗಿ ಕಡೆಯ ಹಳ್ಳಿಗೆ ತರಬಹುದು. ಆದರೆ ಪಾದ್ರಿಯ ಜಾಗಕ್ಕೆ ಪೂಜಾರಿ, ಕೇಕಿನ ಜಾಗಕ್ಕೆ ಶೇಂಗಾ ಹೋಳಿಗೆ ಇಟ್ಟು ಕೈ ತೊಳೆದುಕೊಂಡರೆ ಅದು ಬರೀ ವೇಷ. ಸುಳಿವು ಇಲ್ಲಿಯ ಮಣ್ಣಿನಿಂದ, ಬಿಸಿಲಿನಿಂದ ಹುಟ್ಟಬೇಕು.

ಸಾವಿನ ಸಮಯವನ್ನೇ ತಗೊಳ್ಳಿ. ಇಂಗ್ಲೆಂಡಿನ ತಣ್ಣನೆ ಮನೆಯಲ್ಲಿ ಶವದ ಉಷ್ಣ ತಾಸಿಗೆ ಸ್ಥೂಲವಾಗಿ 1 ಡಿಗ್ರಿಯಂತೆ ಇಳಿಯುತ್ತದೆ. ಡಾಕ್ಟರು ಅದನ್ನು ನೋಡಿ ಒಂದು ಅಂದಾಜು ಹೇಳಬಹುದು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 42, ಮೈಯದು 37. ಶವ ತಣಿಯುವುದಾದರೂ ಎಲ್ಲಿ? ಸೆಟೆಯುವುದೂ ಸೆಕೆಗೆ ಬೇಗ. ಡಾಕ್ಟರ ಗಡಿಯಾರ ನಿಂತುಹೋದ ಇಂಥ ಕಡೆ ಜೋಳದ ರೊಟ್ಟಿ ಗಡಿಯಾರವಾಗುತ್ತದೆ.

ಹಂಚಿನಿಂದ ಇಳಿದ ರೊಟ್ಟಿ ಮೆತ್ತಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ತಾಟಿನಲ್ಲಿ ತೆರೆದಿಟ್ಟರೆ ಒಂದೆರಡು ತಾಸಿನಲ್ಲಿ ಅಂಚಿನಿಂದ ಬಿಗಿಯುತ್ತ ಬಂದು ಕಡಕ್ ಆಗುತ್ತದೆ. ಕಥೆ ಹೀಗಿರಲಿ: ಪಡಸಾಲೆಯಲ್ಲಿ ಸಾವುಕಾರ ಸತ್ತು ಬಿದ್ದಿದ್ದಾನೆ, ಪಕ್ಕದ ತಾಟಿನಲ್ಲಿ ಅರ್ಧ ತಿಂದ ರೊಟ್ಟಿ, ಮುಟ್ಟಿದರೆ ಇನ್ನೂ ಮೆತ್ತಗೆ. ಅಂದರೆ ಮೂರರ ಸುಮಾರಿಗೆ ಉಣ್ಣುತ್ತಿದ್ದ ಅಂತ ಎಲ್ಲರ ಲೆಕ್ಕ. ಒಂದರಿಂದ ಮೂರೂವರೆವರೆಗೆ ನಿವೃತ್ತ ಮಾಸ್ತರು ಸಂತೆಯಲ್ಲಿ ಇಪ್ಪತ್ತು ಜನರ ಕಣ್ಣೆದುರಿಗಿದ್ದರು. ಹೆಣ ಮೊದಲು ನೋಡಿದ್ದೂ ಅವರೇ.

ನಿಜದಲ್ಲಿ ಕೊಲೆ ಆಗಿದ್ದು ಹನ್ನೆರಡೂವರೆಗೆ. ರೊಟ್ಟಿಯ ಮೇಲೆ ಒದ್ದೆ ಟವೆಲ್ ಹೊದಿಸಿ ಮಾಸ್ತರು ಸಂತೆಗೆ ಹೋದರು, ತಿರುಗಿ ಬಂದು ಟವೆಲ್ ತೆಗೆದು ಹಗ್ಗದ ಮೇಲೆ ಹರವಿದರು, ಆಮೇಲೆ ಕೂಗಿದರು.

ಇಲ್ಲಿ ಕಥೆ ಕೆಡುವುದು ಎರಡು ಕಡೆ. ಅರಿವೆಯೊಳಗೆ ರೊಟ್ಟಿ ಮೆತ್ತಗುಳಿಯುತ್ತದೆ ಎಂಬುದನ್ನು ಕೊನೆಯ ಪುಟದಲ್ಲಿ ಹೇಳಿದರೆ ಮೋಸ. ಪತ್ತೇದಾರಿ ಕಥೆಗೆಂದು 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಬರೆದ ಹತ್ತು ನಿಯಮಗಳಲ್ಲಿ ಇದೂ ಒಂದು: ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಅದಕ್ಕೇ ಎರಡನೇ ಅಧ್ಯಾಯದಲ್ಲಿ ಹೊಲಕ್ಕೆ ಬುತ್ತಿ ಕಟ್ಟುವ ದೃಶ್ಯ ಇಡಿ, ಆ ಹೊತ್ತಿಗೆ ಅತ್ತೆ-ಸೊಸೆ ಜಗಳ ಹಚ್ಚಿ. ಓದುಗ ಜಗಳ ಕೇಳುತ್ತಾನೆ, ಬುತ್ತಿ ಅರಿವೆ ಮರೆಯುತ್ತಾನೆ. ಎರಡನೆಯದು ಟವೆಲ್. ಮೇ ಬಿಸಿಲಿಗೆ ಮುಂಜಾನೆ ಒಗೆದ ಬಟ್ಟೆ ನಾಲ್ಕಕ್ಕೆ ಹಪ್ಪಳವಾಗಿರುತ್ತದೆ. ಅದರ ನಡುವೆ ಒಂದು ಹಸಿ ಇದ್ದರೆ ಅದೇ ಕೂಗುತ್ತದೆ. ಹಾಗಂತ ಅದನ್ನು ಒಂಟಿಯಾಗಿ ತೋರಿಸಿದರೆ ಕಥೆ ಅಲ್ಲಿಗೇ ಮುಗಿದಂತೆ. ಪಟ್ಟಿಯ ನಡುವೆ ತುರುಕಬೇಕು. ಪಟ್ಟಿಯ ಮೊದಲನೆಯದು, ಕೊನೆಯದು ನೆನಪಿರುತ್ತವೆ, ನಡುವಿನದು ಜಾರುತ್ತದೆ.

ಆ ಪಟ್ಟಿಯನ್ನು ನಮ್ಮ ಕಾನೂನೇ ಕೊಡುತ್ತದೆ. ಇಂಗ್ಲಿಷ್ ಕಥೆಯಲ್ಲಿ ಕರೋನರ್, ಅಂದರೆ ಸಾವಿನ ಕಾರಣ ಹುಡುಕುವ ಅಧಿಕಾರಿ, ವಿಚಾರಣೆ ನಡೆಸುತ್ತಾನೆ. ಇಲ್ಲಿ 2024ರ ಜುಲೈಯಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194ನೇ ಕಲಮಿನ ಪ್ರಕಾರ, ನೆರೆಯ ಇಬ್ಬರು ಅಥವಾ ಹೆಚ್ಚು ಗೌರವಾನ್ವಿತ ನಿವಾಸಿಗಳ, ಅಂದರೆ ಪಂಚರ, ಎದುರು ಪೊಲೀಸರು ಶವ ಪಂಚನಾಮೆ ಬರೆಯುತ್ತಾರೆ. ಆ ಒಣ ಭಾಷೆ ಸುಳಿವು ಬಚ್ಚಿಡಲು ಹೇಳಿ ಮಾಡಿಸಿದ್ದು: ಹಿತ್ತಲಲ್ಲಿ ಹಗ್ಗ, ಅದರ ಮೇಲೆ ಸೀರೆ ಎರಡು, ಧೋತರ ಒಂದು, ಹಸಿ ಟವೆಲ್ ಒಂದು, ಅಂಗಿ ಮೂರು.

ಶಂಕಿತರು ಆರಕ್ಕಿಂತ ಹೆಚ್ಚು ಬೇಡ. 1997ರಲ್ಲಿ ಶುರುವಾದ 'ಮಿಡ್‌ಸೊಮರ್ ಮರ್ಡರ್ಸ್' ಟಿವಿ ಸರಣಿಯಂತೆ ಹೆಣದ ಮೇಲೆ ಹೆಣ ಉರುಳಿಸುವ ಚಪಲವೂ ಬೇಡ; ಪುಟದ ಮೇಲೆ ಅದು ಸುಸ್ತು.

ಪತ್ತೆ ಹಚ್ಚುವವರು ಪಕ್ಕದ ಮನೆ ಆಯಿ. ಆಕೆಗೆ ಪಂಚನಾಮೆ ಓದಲು ಬರುವುದಿಲ್ಲ, ಮೊಮ್ಮಗಳು ಓದಿ ಹೇಳಬೇಕು. ಟವೆಲ್ ಬಂದ ಕಡೆ ಆಯಿ "ತಿರುಗಿ ಓದು" ಅನ್ನುತ್ತಾಳೆ. ಆಮೇಲೆ ಕೆಳಗೆ ಪಂಚರ ಸಹಿ ಯಾರದು ಅಂತ ಕೇಳುತ್ತಾಳೆ. ಮೊದಲನೆಯದು ಮಾಸ್ತರರದು, ದುಂಡಗಿನ ಅಕ್ಷರ.